ಮಾಮನ ಅಂಗಳದ ಮಣ್ಣು

ಇವತ್ತು ದಾಂಡೇಲಿಯಲ್ಲಿ ಹುತಾತ್ಮ ಯೋಧರ ಸ್ಮರಣೆಯಿತ್ತು, ಗೆಳೆಯರೇ. ಪ್ರತಿ ಯೋಧನ ಮನೆಯಂಗಳದಿಂದ ಹಿಡಿ ಮಣ್ಣು ತಂದು ಕಲಶಕ್ಕೆ ಹಾಕಬೇಕಿತ್ತು. ಎಪ್ಪತ್ತೊಂದರ ಯುದ್ಧದಲ್ಲಿ ಮಡಿದ ತನ್ನ ಅಣ್ಣನ, ಅಂದರೆ ನನ್ನ ಮಾಮನ, ಹೆಸರಿನಲ್ಲಿ ಅವ್ವ ಒಂದು ಬಾಟಲಿ ನೀರು ತಂದಿದ್ದಳು.

“ಮಣ್ಣು ಎಲ್ಲೈತ್ರಿ ಅಮ್ಮಾರ?” ಎಂದ, ರಿಜಿಸ್ಟರ್ ಹಿಡಿದಿದ್ದ ಸಂಘಟಕ.

“ನಮ್ಮ ಅಂಗಳ ಸೂಪಾ ಡ್ಯಾಮಿನ್ಯಾಗ ಮುಳುಗೇತಿ. ಅಣ್ಣ ರಜಾಕ್ಕ ಬಂದ್ರ ಬೂಟ್ ಬಿಚ್ಚಿಟ್ಟು ಅಲ್ಲೇ ನನ್ನ ಜೋಡಿ ಕುಂಟಾಟ ಆಡ್ತಿದ್ದ. ಅಲ್ಲಿಂದನ ಈ ನೀರು ತಂದೇನಿ.”

“ನೀರು ಹಾಕಾಕ ರೂಲ್ಸ್ ಇಲ್ರಿ.”

“ಹಂಗಂದ್ರ ಡ್ಯಾಮ್ ಖಾಲಿ ಮಾಡಸ್ರಿ. ಮಣ್ಣು ನಾನ ತರ್ತೇನಿ.”

ಅವನು ಬಾಟಲಿ ತೆಗೆದುಕೊಂಡು ನೀರನ್ನು ಕಲಶಕ್ಕೆ ಸುರಿದ. ಒದ್ದೆ ಮಣ್ಣಿನ ವಾಸನೆಗೆ ಅವ್ವ ಕಣ್ಣು ಮುಚ್ಚಿದಳು, ಆಗಷ್ಟೇ ಸಾರಿಸಿದ ಅಂಗಳದಲ್ಲಿ ನಿಂತವಳಂತೆ. ರಿಜಿಸ್ಟರಿನಲ್ಲಿ ಮಾಮನ ಹೆಸರಿನ ಮುಂದೆ ಅವನು ಬರೆದದ್ದು: ಮಣ್ಣು, ಒಂದು ಬಾಟಲಿ.