ಮಾಧ್ಯಮದ ಮೇಡಂ

ಆಂಧ್ರದ ಗಡಿಯೂರು ಹಿಂದೂಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಶಿವಲಕ್ಷ್ಮಮ್ಮ ಸಮಾಜ ಪಾಠ ಹೇಳುತ್ತಿದ್ದಳು. ರೊದ್ದಂ ಕಡೆಯವಳು, ಮಾತು ಚುರುಕು, ತಾಳ್ಮೆ ಕಡಿಮೆ. ೨೦೦೬ರಲ್ಲಿ ಶಾಲೆಯ ಮಾಲೀಕ ವೆಂಕಟರಾಮಪ್ಪ ಬೆಂಗಳೂರಿನ ಯಾವುದೋ ದೊಡ್ಡ ಶಾಲೆ ನೋಡಿ ಬಂದವನೇ ಒಂಬತ್ತನೇ ತರಗತಿಗೆ ‘ಮಾಧ್ಯಮ’ ಎಂಬ ಹೊಸ ವಿಷಯ ಇಟ್ಟುಬಿಟ್ಟ.

“ಪೇಪರು, ರೇಡಿಯೋ, ಟಿವಿ ಎಲ್ಲಾ ಬತ್ತದೆ ಮೇಡಂ. ನೀವೇ ಹೇಳ್ಕೊಡಿ.”

“ಪುಸ್ತಕ ಎಲ್ಲಿ ಸಾರ್?”

“ಬತ್ತದೆ.”

ವರ್ಷ ಕಳೆದರೂ ಬರಲಿಲ್ಲ.

ಮೊದಲ ವಾರವೇ ಆ ತರಗತಿಯ ಹುಡುಗಿ ಮೇಘನಾಳ ತಾಯಿ ಚೌಡಕ್ಕ ಹುಣಸೆಹಣ್ಣಿನ ಮಂಡಿಯ ಕೆಲಸ ಬಿಟ್ಟು ಓಡಿಬಂದಳು. “ಮೇಡಮ್ಮಾರೇ, ನಮ್ಮುಡ್ಗೀನ ಇಂಗ್ಲಿಷ್ ಮೀಡಿಯಂ ಅಂತ ಸೇರ್ಸಿದ್ದು. ನೀವು ನೋಡುದ್ರೆ ಮಾಧ್ಯಮ ಅಂತೀರಂತೆ. ಯಾವ ಮಾಧ್ಯಮ? ಕನ್ನಡವಾ, ತೆಲುಗಾ?”

ಇದು ಆ ಮಾಧ್ಯಮವಲ್ಲ, ಸುದ್ದಿಯ ಮಾಧ್ಯಮ ಎಂದು ಶಿವಲಕ್ಷ್ಮಮ್ಮ ಕನ್ನಡದಲ್ಲೂ ತೆಲುಗಿನಲ್ಲೂ ಬಿಡಿಸಿ ಹೇಳಿದಳು. ಚೌಡಕ್ಕ ತಲೆಯಾಡಿಸಿದಳು. “ಸರೆ, ಸರೆ. ಅದೆಲ್ಲ ಇರ್ಲಿ ಕಣಮ್ಮ, ಯಾವ ಮಾಧ್ಯಮ?”

ತರಗತಿಯೊಳಗೂ ಇದೇ ಪಾಡು. ಖಾಸಗಿ ಶಾಲೆಯ ಯಜಮಾನನನ್ನು ಅಲ್ಲಿ ‘ಕರೆಸ್ಪಾಂಡೆಂಟ್’ ಎನ್ನುತ್ತಾರೆ. ಪತ್ರಿಕೆಗೆ ಸುದ್ದಿ ಕಳಿಸುವವನೂ ಕರೆಸ್ಪಾಂಡೆಂಟ್ ಎಂದು ಅವಳು ಹೇಳಿದ ಕೂಡಲೇ ವಂಶಿ ಎಂಬ ಹುಡುಗ ಎದ್ದು ನಿಂತ. “ಹಂಗಾದ್ರೆ ನಮ್ ಸಾರ್ ಯಾವ ಪೇಪರ್‌ಗೆ ಬರೀತಾರೆ ಮೇಡಂ?” ಅವಳು ಹಣೆ ಚಚ್ಚಿಕೊಂಡಳು.

ಕೊನೆಗೆ ಪಾರಿಭಾಷಿಕ ಪದಗಳನ್ನೆಲ್ಲ ಬದಿಗಿಟ್ಟು ಮನೆಯಿಂದ ಹಳೇ ಪತ್ರಿಕೆ ತಂದಳು. ಯಾವುದನ್ನೇ ಓದಿದರೂ ಕೇಳಬೇಕಾದದ್ದು ಇಷ್ಟೇ ಎಂದಳು: ಇದನ್ನು ಯಾರು ಬರೆದರು, ಯಾರಿಗಾಗಿ ಬರೆದರು, ಏನನ್ನು ಬಿಟ್ಟರು? ಇದು ಮಾತ್ರ ಮಕ್ಕಳಿಗೆ ಹಿಡಿಸಿತು. ಸೋಪಿನ ಜಾಹೀರಾತು, ಸಿನಿಮಾ ಪೋಸ್ಟರು, ಸಿಕ್ಕಿದ್ದನ್ನೆಲ್ಲ ಕೆದಕತೊಡಗಿದರು.

ಫೆಬ್ರವರಿಯಲ್ಲಿ ಶಾಲೆ ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶದ ಕರಪತ್ರ ಹಂಚಿತು. ಸಾಲುಸಾಲು ಕಂಪ್ಯೂಟರುಗಳ ಕೋಣೆಯ ಫೋಟೋ ಅದರಲ್ಲಿತ್ತು. ಶಾಲೆಯಲ್ಲಿ ಒಂದು ಕಂಪ್ಯೂಟರೂ ಇರಲಿಲ್ಲ. ಮೇಘನಾ ಅದನ್ನು ತರಗತಿಯ ಮಕ್ಕಳು ನಡೆಸುತ್ತಿದ್ದ ಗೋಡೆ ಪತ್ರಿಕೆಗೆ ಅಂಟಿಸಿ ಕೆಳಗೆ ಬರೆದಳು: ‘ಈ ಕೋಣೆ ಎಲ್ಲಿದೆ?’ ಮಾರನೇ ದಿನವೇ ಪೋಷಕರ ಸಭೆ. ಚೌಡಕ್ಕ ಅದನ್ನು ಓದಿಸಿಕೊಂಡು, “ಎಲ್ಲೈತೆ ಸಾರ್? ನಾವೂ ನೋಡ್ಬೇಕು” ಎಂದು ಹಟ ಹಿಡಿದಳು. ಉಳಿದವರೂ ದನಿಗೂಡಿಸಿದರು.

ಸಭೆ ಮುಗಿದ ಮೇಲೆ ವೆಂಕಟರಾಮಪ್ಪ ಕೆಂಡವಾಗಿದ್ದ. “ಇದೇನಾ ನೀವು ಹೇಳ್ಕೊಟ್ಟಿದ್ದು?”

“ಹೂಂ ಸಾರ್, ಇದೇ. ಇದ್ನೇ ಹೇಳ್ಕೊಡಿ ಅಂದಿದ್ದು ನೀವು!”

ಶಿವಲಕ್ಷ್ಮಮ್ಮನಿಗೆ ಮೇಘನಾಳ ಮೇಲೂ ಸಿಟ್ಟಿತ್ತು: ತನ್ನನ್ನು ಒಂದು ಮಾತು ಕೇಳಿ ಅಂಟಿಸಬಾರದಿತ್ತೇ? ಆದರೆ ಹುಡುಗಿಯನ್ನು ಕರೆದು ಬೈಯಲು ಬಾಯಿ ತೆರೆದರೆ ಏನು ಬೈಯಬೇಕೋ ತೋಚಲಿಲ್ಲ. “ಫೋಟೋ ಸೊಟ್ಟಗೆ ಅಂಟ್ಸಿದ್ದೀಯಲ್ಲೇ” ಎಂದಷ್ಟೇ ಹೇಳಿ ಕಳಿಸಿದಳು.

ಶಾಲೆಗೆ ಮೂರು ಹಳೇ ಕಂಪ್ಯೂಟರು ಬಂದವು. ಶಿವಲಕ್ಷ್ಮಮ್ಮನನ್ನು ವೆಂಕಟರಾಮಪ್ಪ ತನ್ನ ಶಾಲೆಯ ಕಲ್ಯಾಣದುರ್ಗದ ಶಾಖೆಗೆ ಕಳಿಸಿದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲೇ ವೆಂಕಟರಾಮಪ್ಪನ ಜೊತೆ ಜಗಳವಾಡಿದಳು.

ಕಲ್ಯಾಣದುರ್ಗದ ಹೆಡ್‌ಮಾಸ್ಟರ್ ಗಿರಿಯಪ್ಪ ಒಳ್ಳೆಯ ಮನುಷ್ಯ. ಅವಳನ್ನು ಕಂಡವನೇ ಖುಷಿಯಿಂದ, “ನೀವೇ ಅಲ್ವಾ ಮಾಧ್ಯಮದ ಮೇಡಂ? ನಮ್ ಟಿವೀಲಿ ಕೇಬಲ್ ಬತ್ತಿಲ್ಲ, ಒಸಿ ನೋಡಿ” ಎಂದ.

ಕೇಬಲ್ಲಿನವನನ್ನು ಕರೆಸಿ ಸರಿಮಾಡಿಸಿದಳು. ಟಿವಿ ಬಂದ ಮೇಲೆ ಸುಮ್ಮನಿರಲು ಅವಳಿಂದ ಆಗಲಿಲ್ಲ. ಎಂಟನೇ ತರಗತಿಯನ್ನು ಅದರೆದುರು ಕೂರಿಸಿ, ಶಬ್ದ ನಿಲ್ಲಿಸಿ ಸುದ್ದಿ ತೋರಿಸಿದಳು. ತೆರೆಯ ಮೇಲೆ ಒಬ್ಬ ಕೈ ಬೀಸುತ್ತ ಮಾತಾಡುತ್ತಿದ್ದ. “ಏನ್ ಹೇಳ್ತಾವ್ನೆ, ಊಹಿಸಿ.” ಬೈತಾವ್ನೆ ಎಂದಳು ಒಬ್ಬಳು. ವೋಟು ಕೇಳ್ತಾವ್ನೆ ಎಂದ ಇನ್ನೊಬ್ಬ. ಇಲ್ಲ, ಅಳ್ತಾವ್ನೆ ಎಂದು ಮತ್ತೊಬ್ಬಳು ವಾದಕ್ಕಿಳಿದಳು.

ಅಷ್ಟರಲ್ಲಿ ಗಿರಿಯಪ್ಪ ಒಳಬಂದ. “ಸೌಂಡ್ ಬತ್ತಿಲ್ವಾ ಮೇಡಂ?” ಎಂದು ರಿಮೋಟ್ ಎತ್ತಿಕೊಂಡು ಶಬ್ದ ಏರಿಸಿಯೇಬಿಟ್ಟ.

ಶಿವಲಕ್ಷ್ಮಮ್ಮ ಅವನ ಕೈಯಿಂದ ರಿಮೋಟ್ ಕಿತ್ತುಕೊಂಡಳು. ಮತ್ತೆ ಶಬ್ದ ನಿಲ್ಲಿಸಿದಳು.

“ಸಾರ್, ನೀವೂ ಕೂತ್ಕಳಿ. ಊಹಿಸಿ.”

ಗಿರಿಯಪ್ಪ ತಬ್ಬಿಬ್ಬಾಗಿ ಕಡೆಯ ಬೆಂಚಿನಲ್ಲಿ ಕೂತ. ಗೋರಂಟ್ಲದಲ್ಲಿ ಅವಳಿಗೆ ಸರ್ಕಾರಿ ಕೆಲಸ ಸಿಗುವವರೆಗೂ ಆ ತರಗತಿ ನಡೆಯಿತು. ಬಿಡುವಿದ್ದಾಗಲೆಲ್ಲ ಗಿರಿಯಪ್ಪನೂ ಬರುತ್ತಿದ್ದ, ಪ್ರತಿಸಲವೂ ತಪ್ಪಾಗಿ ಊಹಿಸುತ್ತಿದ್ದ.