ಉಪ್ಪು ಬಿಟ್ಟ ಮನೆ

ಅಕ್ಕನ ಎದೆಯ ಗಡ್ಡೆ ಕ್ಯಾನ್ಸರ್ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ ವಾರವೇ ಭಾವ ಉಪ್ಪಿನ ಡಬ್ಬಿಯನ್ನು ಅಟ್ಟಕ್ಕೇರಿಸಿದರು. ಹಳಿಯಾಳದ ಬಸ್ ಸ್ಟ್ಯಾಂಡ್ ಹತ್ತಿರ ಮಿರ್ಚಿ ಭಜಿ ಮಾರುವ ಮನುಷ್ಯ. ಉಪ್ಪಿನಲ್ಲಿರುವ ಸೋಡಿಯಂನಿಂದಲೇ ಕ್ಯಾನ್ಸರ್ ಹರಡುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದರು. ಅಕ್ಕ ಗುಣವಾಗುವವರೆಗೆ ತಾವೂ ಉಪ್ಪು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತರು. ಭಜಿ ಹಿಟ್ಟಿನ ರುಚಿ ನೋಡಲೂ ಗಿರಾಕಿಗಳನ್ನೇ ಕರೆಯುತ್ತಿದ್ದರು.

ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಸಿಟ್ಟು ನೆತ್ತಿಗೇರಿತು. ಅವರು ಕೇಳಿದ್ದು ಪೂರ್ತಿ ಸುಳ್ಳಾಗಿದ್ದರೆ ಜಗಳ ಸುಲಭವಿತ್ತು. ಜೀವಕೋಶದ ಪೊರೆಯಲ್ಲಿ ಸೋಡಿಯಂಗೆಂದೇ ಸಣ್ಣ ಬಾಗಿಲುಗಳಿವೆ. ನರದಲ್ಲಿ, ಸ್ನಾಯುವಿನಲ್ಲಿ ಅವು ಕ್ಷಣಮಾತ್ರ ತೆರೆದು ಮುಚ್ಚುತ್ತವೆ. ಕೆಲವು ಕ್ಯಾನ್ಸರ್ ಕೋಶಗಳು ಅಂಥ ಬಾಗಿಲುಗಳನ್ನು ತಾವೂ ಇಟ್ಟುಕೊಂಡು, ಸರಿಯಾಗಿ ಮುಚ್ಚುವುದೇ ಇಲ್ಲ. ಒಳಗೆ ಸೋರುವ ಸೋಡಿಯಂ ಅವಕ್ಕೆ ಅಕ್ಕಪಕ್ಕ ಕೊರೆದು ಹರಡಲು ನೆರವಾಗುತ್ತದೆ ಎನ್ನುತ್ತಾರೆ.

"ಕೆಟ್ಟದ್ದು ಕೋಶದ ಬಾಗಿಲಾ, ಭಾವಾ. ತಾಟಿನ್ಯಾಗಿನ ಉಪ್ಪು ತಗದ್ರ ಅದು ಮುಚ್ಚೂದಿಲ್ರಿ" ಎಂದೆ.

"ನಿನ್ನ ಪುಸ್ತಕಾ ನಿನಗಿರ್ಲಿ" ಎಂದರು.

ಅಕ್ಕ ದಿನವೂ ಸಪ್ಪೆ ಗಂಜಿ ಕುಡಿದಳು. ಕಿಮೋ ಶುರುವಾಗಿ ವಾಂತಿ ಹಿಡಿಯಿತು. ಒಂದು ಬೆಳಿಗ್ಗೆ ನನ್ನನ್ನೇ ನೋಡಿ "ಯಾರ ನೀ?" ಎಂದಳು. ತಕ್ಷಣ ಆಸ್ಪತ್ರೆಗೆ ಕರೆದೊಯ್ದೆವು. ರಕ್ತದಲ್ಲಿ ಸೋಡಿಯಂ ಇಳಿದುಹೋಗಿದೆ ಎಂದು ಡಾಕ್ಟರು ಭಾವನಿಗೆ ಬೈದು, ಸಲೈನ್ ಏರಿಸಿದರು. ಮನೆಗೆ ಬಂದಮೇಲೆ ಭಾವ ತಾವೇ ಗಂಜಿಗೆ ಉಪ್ಪು ಹಾಕಿ ಉಣಿಸಿದರು. ಅಕ್ಕ ಎದ್ದು ಓಡಾಡುವಂತಾದಳು.

ಮೊನ್ನೆ ಮತ್ತೆ ಸ್ಕ್ಯಾನ್ ಮಾಡಿಸಿದೆವು. ಶ್ವಾಸಕೋಶಕ್ಕೆ ಹರಡಿದೆ.

ಮನೆಗೆ ಬಂದವರೇ ಭಾವ ನನ್ನೆದುರು ನಿಂತರು. "ಟೀಚರ್ ಇದ್ದೀ ನೀ, ಖರೆ ಹೇಳು. ನಾ ಉಪ್ಪು ಹಾಕಿ ಉಣಿಸಿದ್ದಕ್ಕ ಹರಡೇತೇನು?"

ಅಲ್ಲ ಎಂದೆ. ಹೇಗೆ ಅಲ್ಲ ಎಂದು ಬಿಡಿಸಿ ಹೇಳಿದೆ. ಕಲಿತ ವಿದ್ಯೆಯೆಲ್ಲ ಅವರ ಮುಖದ ಮುಂದೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಮಂಚದ ಮೇಲಿಂದ ಅಕ್ಕ ಮಾತಾಡಿದಳು. "ಉಪ್ಪು ಬಿಟ್ರ ಗುಣಾ ಆಗೂದಿಲ್ಲಂತ ನನಗ ಮೊದಲ ಗೊತ್ತಿತ್ರಿ. ಕೈಗೆ ಕೆಲಸಾ ಇಲ್ಲದ ಸುಮ್ಮನ ಕೂತಿದ್ರ ನೀವು ಹುಚ್ಚರಾಗ್ತಿದ್ರಿ. ಅದಕ್ಕ ಸಪ್ಪಂದ ಉಂಡೆ."

ಭಾವ ಗೋಡೆಗೆ ಮುಖ ಒತ್ತಿ ಗಟ್ಟಿಯಾಗಿ ಅತ್ತರು. ಅಕ್ಕ ಕಷ್ಟಪಟ್ಟು ಎದ್ದು ಹೋಗಿ ಅವರ ಬೆನ್ನು ಸವರುತ್ತ, ನನ್ನತ್ತ ತಿರುಗಿ, "ಇನ್ನ ಇವರಿಗೆ ಏನ ಕೆಲಸಾ ಕೊಡೂಣು?" ಎಂದಳು.