ಭಾರದ ಆ ಕಡೆ ಹಿಡಿದವನು

ನನ್ನ ಅಪ್ಪ ರಾಯಚೂರಿನ ಕೃಷಿ ಮಾರುಕಟ್ಟೆಯಾದ ಗಂಜ್‌ನಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದವನು. ಹತ್ತಿ, ಭತ್ತ, ತೊಗರಿ, ಯಾವ ಮಾಲು ಬಂದರೂ ಬೆನ್ನ ಮೇಲೆ ಹೊತ್ತು ಲಾರಿಗೆ ಏರಿಸಿದವನು. ಮೊಣಕಾಲು ಸೋತ ಮೇಲೆ ಮನೆಯಲ್ಲಿ ಉಳಿದ. ನಾನು ಅವನ ಒಬ್ಬಳೇ ಮಗಳು. ನಾನು ತುಂಬಿದ ಕೊಡಕ್ಕೆ ಕೈ ಹಾಕಿದರೂ ಅವನಿಗೆ ತಡೆಯುತ್ತಿರಲಿಲ್ಲ, ಎದ್ದು ಬಂದು ತಾನೇ ಎತ್ತಿಡುತ್ತಿದ್ದ. ನನ್ನನ್ನು ಪಾಲಿಟೆಕ್ನಿಕ್‌ಗೆ ಸೇರಿಸಿದ್ದೂ ಅದಕ್ಕೇ. ಮಗಳು ಕುರ್ಚಿಯ ಮೇಲೆ ಕೂತು ದುಡಿಯಬೇಕು ಎಂಬುದಷ್ಟೇ ಅವನ ಆಸೆ.

ಕೆಲಸ ಸಿಕ್ಕಾಗ ನಾನು ಮನೆಯಲ್ಲಿ ಹೇಳಿದ್ದು ಕಂಪ್ಯೂಟರ್ ಕೆಲಸ ಎಂದು. ಅದು ಪೂರ್ತಿ ಸುಳ್ಳಲ್ಲ. ಊರಿನ ಒಂದು ಸಣ್ಣ ಕಂಪನಿ ನಮ್ಮದು. ಕಾಲೇಜು, ಆಸ್ಪತ್ರೆ, ಕಚೇರಿಗಳಿಗೆ ಹೋಗಿ ನೆಟ್‌ವರ್ಕ್ ಹಾಕಿಕೊಡುತ್ತೇವೆ. ಅಂಥ ಕಡೆಯೆಲ್ಲ ಆಳೆತ್ತರದ ಕಬ್ಬಿಣದ ಕಪಾಟೊಂದಿರುತ್ತದೆ, ಅದಕ್ಕೆ ರ‍್ಯಾಕ್ ಎನ್ನುತ್ತಾರೆ. ಸರ್ವರ್, ಸ್ವಿಚ್, ಯುಪಿಎಸ್ ಎಲ್ಲವನ್ನೂ ಅದರೊಳಗೆ ಒಂದರ ಮೇಲೊಂದು ಸ್ಕ್ರೂ ಹಾಕಿ ಕೂರಿಸಬೇಕು. ಕೀಲಿಮಣೆಯ ಮುಂದೆ ಕೂರುವುದು ದಿನಕ್ಕೆ ಒಂದು ತಾಸು. ಉಳಿದದ್ದೆಲ್ಲ ಎತ್ತುವುದು, ಇಳಿಸುವುದು, ಮಂಡಿಯೂರಿ ಬೋಲ್ಟ್ ಬಿಗಿಯುವುದು. ಬ್ಯಾಟರಿ ತುಂಬಿದ ಯುಪಿಎಸ್ ಅನ್ನು ಒಬ್ಬರಿಂದ ಅಲುಗಿಸಲೂ ಆಗುವುದಿಲ್ಲ. ಇದನ್ನು ನಾನು ಅಪ್ಪನಿಗೆ ಆರು ವರ್ಷ ಹೇಳಲೇ ಇಲ್ಲ.

ಆರನೆಯ ವರ್ಷದಲ್ಲಿ ನನ್ನ ಜೊತೆಗೆ ಕೆಲಸ ಮಾಡಲು ಒಬ್ಬ ಬಂದ. ಬಾಗಲವಾಡದ ಕುರಿ ಕಾಯುವ ಮನೆತನದವನು. ವಯಸ್ಸು ಹೆಚ್ಚುಕಡಿಮೆ ನನ್ನಷ್ಟೇ, ಆದರೂ ನನ್ನನ್ನು ಅಕ್ಕಾ ಎನ್ನುತ್ತಿದ್ದ. ತಂದೆಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದ. ಕೆಲಸ ಕಲಿಸುವ ಹೊಣೆ ನನ್ನದಾಗಿತ್ತು. ರ‍್ಯಾಕಿನ ಮನೆಗಳನ್ನು, ಎಂದರೆ ಸಾಮಾನು ಕೂರುವ ಖಾನೆಗಳನ್ನು, ಕೆಳಗಿನಿಂದ ಎಣಿಸಬೇಕು, ಭಾರದ ಸಾಮಾನು ಕೆಳಗೆ, ಹಗುರಾದದ್ದು ಮೇಲೆ, ನೆಲಕ್ಕೆ ಬೋಲ್ಟ್ ಹಾಕುವ ಮುನ್ನ ಏನನ್ನೂ ಏರಿಸಬಾರದು ಎಂದು ಹೇಳಿಕೊಟ್ಟೆ. ನಿಧಾನಕ್ಕೆ ಕಲಿಯುತ್ತಿದ್ದ. ಆಗ ಅವನ ಮೇಲೆ ನನಗೆ ಅಕ್ಕರೆಯೇ ಇತ್ತು.

ಒಂದು ದಿನ ದೇವದುರ್ಗದ ಕಾಲೇಜೊಂದಕ್ಕೆ ಹೋಗಬೇಕಿತ್ತು. ಬೆಳಿಗ್ಗೆ ಆತ ಕಂಪನಿಯ ಗಾಡಿಯಲ್ಲಿ ನಮ್ಮ ಮನೆಗೆ ಬಂದ. ನಾನು ಬುತ್ತಿ ಕಟ್ಟಿಕೊಂಡು ಹೊರಬರುವಷ್ಟರಲ್ಲಿ ಅಪ್ಪ ಗಾಡಿಯ ಹಿಂದೆ ನಿಂತು ಒಳಗಿನ ಪೆಟ್ಟಿಗೆಗಳನ್ನು ನೋಡುತ್ತಿದ್ದ. ಒಂದನ್ನು ಬೆರಳಿನಿಂದ ನೂಕಿ ನೋಡಿದ. ಅದು ಅಲುಗಲಿಲ್ಲ.

"ಇದನ್ನ ಯಾರು ಎತ್ತತಾರ?" ಎಂದ.

"ನಾವಿಬ್ರೂ ಎತ್ತತೀವ್ರಿ ಯಪ್ಪಾ. ಅಕ್ಕಾರು ಆ ಕಡಿ, ನಾ ಈ ಕಡಿ," ಎಂದ ಬಾಗಲವಾಡದವನು.

ಅಪ್ಪ ನನ್ನ ಕಡೆ ನೋಡಿದ. ಆಮೇಲೆ ಅವನಿಗೆ ಆ ಪೆಟ್ಟಿಗೆಯನ್ನು ಎತ್ತಿ ತೋರಿಸಲು ಹೇಳಿದ. ಆತ ಬಗ್ಗಿದ ರೀತಿ ನೋಡಿ ಹಂಗಲ್ಲ ಎಂದು ತಡೆದು, ನೋವಿರುವ ಮೊಣಕಾಲನ್ನೇ ಮಡಚಿ ನೆಲಕ್ಕೆ ಕೂತ. ಕಾಲು ಎಷ್ಟು ಅಗಲ ಇಡಬೇಕು, ಭಾರವನ್ನು ಹೊಟ್ಟೆಗೆ ಹೇಗೆ ಹತ್ತಿಸಿಕೊಳ್ಳಬೇಕು, ತಿರುಗುವಾಗ ನಡು ತಿರುಗಿಸದೆ ಹೆಜ್ಜೆ ಹೇಗೆ ತಿರುಗಿಸಬೇಕು ಎಂದು ಒಂದೊಂದಾಗಿ ತೋರಿಸಿದ. ನಾನು ಬುತ್ತಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ನನ್ನ ಕಡೆ ಅವನು ಮತ್ತೆ ತಿರುಗಲಿಲ್ಲ.

ದೇವದುರ್ಗದಲ್ಲಿ ಆ ದಿನ ಬಾಗಲವಾಡದವನ ಬಾಯಲ್ಲಿ ಒಂದೇ ಮಾತು, ಯಪ್ಪಾರು ಹಿಂಗ ಹೇಳ್ಯಾರ. ಯುಪಿಎಸ್ ಎತ್ತುವ ಮೊದಲು ದಾರಿಯಲ್ಲಿದ್ದ ವೈರುಗಳನ್ನೆಲ್ಲ ಸರಿಸಿ, ಎಲ್ಲಿ ಇಳಿಸಬೇಕೆಂದು ನೋಡಿಕೊಂಡು ಬಂದ. ಭಾರ ಕೆಳಗಿರಬೇಕು ಎಂದು ನನಗೇ ಹೇಳಿದ. ಗಂಜ್‌ನಲ್ಲಿ ಚೀಲಗಳನ್ನು ಒಂದರ ಮೇಲೊಂದು ಥಪ್ಪಿ ಒಟ್ಟುವಾಗ ಒಣಗಿದ ಮಾಲು ಮೇಲೆ, ತೂಕ ಹೆಚ್ಚಿರುವ ಹಸಿ ಮಾಲು ಕೆಳಗೆ ಹಾಕುತ್ತಾರಂತೆ. ಅದೇ ಮಾತನ್ನು ನಾನು ಅವನಿಗೆ ನಾಲ್ಕು ಸಲ ಹೇಳಿದ್ದೆ. ನಾನು ಹೇಳಿದಾಗ ತಲೆಯಾಡಿಸಿದ್ದ, ಅಪ್ಪ ಹೇಳಿದ ಮೇಲೆ ಅವನ ಕೈಗೆ ಹತ್ತಿತ್ತು. ಮುಗಿದ ರ‍್ಯಾಕಿನ ಫೋಟೋ ನೋಡಿ ನಮ್ಮ ಕಂಪನಿಯ ಮಾಲೀಕರು ಕೆಲಸ ಛಲೋ ಕೂತದ ಎಂದು ಅವನನ್ನೇ ಹೊಗಳಿದರು.

ಆಮೇಲೆ ಆತ ಭಾನುವಾರಗಳಂದು ಮನೆಗೆ ಬರತೊಡಗಿದ. ಒಮ್ಮೆ ಹಸಿ ಶೇಂಗಾ ತರುತ್ತಿದ್ದ, ಒಮ್ಮೆ ಬರಿಗೈಯಲ್ಲಿ. ಅಪ್ಪ ಅಂದು ಬೇಗ ಗಡ್ಡ ಕೆರೆದುಕೊಂಡು, ಬುದ್ಧನ ಫೋಟೋದ ಮುಂದೆ ವಂದನೆ ಮುಗಿಸಿ, ಹೊರಗೆ ಚಾಪೆ ಹಾಸಿಕೊಂಡು ಕಾಯುತ್ತಿದ್ದ. ನಾನು ಅಡುಗೆಮನೆಯಿಂದ ಅವರ ಮಾತು ಕೇಳಿಸಿಕೊಳ್ಳುತ್ತಿದ್ದೆ. ಒಂದು ವರ್ಷ ಥಪ್ಪಿ ಕುಸಿದು ಅಪ್ಪನ ಜೊತೆಗಾರನೊಬ್ಬ ಚೀಲಗಳ ಕೆಳಗೆ ಸಿಕ್ಕು ಸತ್ತನಂತೆ. ಕುಸಿಯುವ ಮೊದಲು ಚೀಲಗಳು ಸಣ್ಣಗೆ ಸದ್ದು ಮಾಡುತ್ತವಂತೆ, ಆ ಸದ್ದು ಕೇಳಿಯೇ ಅಪ್ಪ ಪಕ್ಕಕ್ಕೆ ಹಾರಿ ಉಳಿದಿದ್ದನಂತೆ. ಅದೇ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಲಿಲ್ಲ. ಅಪ್ಪ ಸಾವಿನಿಂದ ತಪ್ಪಿಸಿಕೊಂಡ ಸಂಗತಿಯನ್ನು ನಾನು ಗೋಡೆಯ ಈಚೆ ನಿಂತು, ಬೇರೊಬ್ಬನಿಗೆ ಹೇಳುವಾಗ ಕೇಳಬೇಕಾಯಿತು.

ಮುಂದಿನ ವಾರ ಅಪ್ಪ ತನ್ನ ನಡುಪಟ್ಟಿಯನ್ನು ಅವನಿಗೆ ಕೊಟ್ಟ. ಭಾರ ಎತ್ತುವಾಗ ಸೊಂಟಕ್ಕೆ ಬಿಗಿದುಕೊಳ್ಳುವ ಅಗಲವಾದ ಚರ್ಮದ ಪಟ್ಟಿ ಅದು, ಬೆವರು ಕುಡಿದು ಕಪ್ಪಾಗಿತ್ತು. ಚಿಕ್ಕವಳಿದ್ದಾಗ ನಾನದನ್ನು ಮುಟ್ಟಿದರೆ ಕೈಯಿಂದ ಕಿತ್ತು ಮೊಳೆಗೆ ತೂಗುಹಾಕುತ್ತಿದ್ದ. ಅಂದು ನಾನು ಪಾತ್ರೆ ತಿಕ್ಕುವ ಸದ್ದಿಗೆ ಅವ್ವ ಒಳಗೆ ಬಂದು, ಪಾತ್ರಿ ಏನ್ ಮಾಡ್ಯಾವ ನಿನಗ ಎಂದು ಕೇಳಿದಳು.

ಹೊಟ್ಟೆಕಿಚ್ಚು ಎಂಬ ಹೆಸರನ್ನು ನಾನು ಅದಕ್ಕೆ ಆಗ ಕೊಡಲಿಲ್ಲ. ಶಿಸ್ತು ಎಂದುಕೊಂಡೆ. ಅವನಿಗೆ ಕೇಬಲ್‌ಗಳಿಗೆ ಚೀಟಿ ಅಂಟಿಸುವ ಕೆಲಸ ಹಚ್ಚಿದೆ. ಒಂದು ಕೇಬಲ್ ಸೊಟ್ಟಗಿದ್ದರೆ ಅದರ ಫೋಟೋ ತೆಗೆದು ಮಾಲೀಕರೂ ಇದ್ದ ವಾಟ್ಸಾಪ್ ಗುಂಪಿಗೆ ಹಾಕಿದೆ. ಆತ ಸರಿ ಅಕ್ಕಾ ಎಂದು ತಿದ್ದುತ್ತಿದ್ದ. ಆ ಸರಿ ಅಕ್ಕಾ ಕೇಳಿದರೆ ನನಗೆ ಇನ್ನಷ್ಟು ಉರಿಯುತ್ತಿತ್ತು. ಒಂದು ಸಲವಾದರೂ ಸಿಟ್ಟು ಮಾಡಿದ್ದರೆ ಅಪ್ಪನ ಮುಂದೆ ಹೇಳಲು ನನಗೊಂದು ಮಾತು ಸಿಗುತ್ತಿತ್ತು.

ಹೀಗಿರುವಾಗ ಮಾನ್ವಿಯ ಒಂದು ಖಾಸಗಿ ಆಸ್ಪತ್ರೆಯ ಕೆಲಸ ಬಂತು. ರ‍್ಯಾಕನ್ನು ಒಳಕೋಣೆಯಲ್ಲಿ ನಿಲ್ಲಿಸಿ, ಅನುಕೂಲಕ್ಕೆಂದು ಅದರ ಬಾಗಿಲು, ಪಕ್ಕದ ತಗಡುಗಳನ್ನು ಕಳಚಿಟ್ಟೆವು. ನೆಲಕ್ಕೆ ಬೋಲ್ಟ್ ಹಾಕಲು ನೋಡಿದರೆ ಡ್ರಿಲ್ ಯಂತ್ರವಿಲ್ಲ. ಹಿಂದಿನ ದಿನ ಪೋತ್ನಾಳದ ಶಾಲೆಯೊಂದರಲ್ಲಿ ಬಿಟ್ಟು ಬಂದಿದ್ದೆವು. ಹೋಗಿ ತಾ ಎಂದೆ. ಹೊರಡುವಾಗ ಆತ ತಿರುಗಿ, ನಾ ಬರೋತನಕ ಏನೂ ಏರಿಸಬ್ಯಾಡ್ರಿ ಅಕ್ಕಾ ಎಂದ. ನಾನು ಕಲಿಸಿದ ಮಾತನ್ನು ನನಗೇ ಹೇಳಿ ಹೋದ ಎನಿಸಿತು.

ಅವನ ಬೈಕಿನ ಸದ್ದು ದೂರವಾದ ಕೂಡಲೇ ನಾನು ಶುರುಮಾಡಿದೆ. ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿರಬೇಕು, ಒಬ್ಬಳೇ ಮಾಡಿದಳು ಎಂದು ಅವನೇ ಭಾನುವಾರ ಅಪ್ಪನ ಮುಂದೆ ಹೇಳಬೇಕು. ಯುಪಿಎಸ್ ನನ್ನಿಂದ ಆಗದ್ದು, ಅದನ್ನು ಹೊರಗೇ ಬಿಟ್ಟೆ. ಕೆಳಗಿನ ಮನೆಗಳು ಖಾಲಿಯಾಗಿಯೇ ಉಳಿದವು. ಸರ್ವರನ್ನು ಸೊಂಟದೆತ್ತರಕ್ಕೆ ಎತ್ತಿ, ಮುಂದೆ ಹಿಂದೆ ಜಾರುವ ಹಳಿಗಳ ಮೇಲೆ ಕೂರಿಸಿದೆ. ಅದರ ಮೇಲೆ ಡಿಸ್ಕ್ ತುಂಬಿದ ಪೆಟ್ಟಿಗೆಯನ್ನೂ ಏರಿಸಿದೆ. ಖುಷಿಯಾಗಿತ್ತು. ಹಿಂಬದಿಯ ವೈರು ಸಿಕ್ಕಿಸಲು ಎರಡನ್ನೂ ಮೇಜಿನ ಖಾನೆಗಳಂತೆ ಪೂರ್ತಿ ಮುಂದಕ್ಕೆ ಎಳೆದೆ. ಎರಡನ್ನು ಒಟ್ಟಿಗೆ ಎಳೆಯಬಾರದು ಎಂಬುದು ಈ ಕೆಲಸದಲ್ಲಿ ಮೊದಲು ಕಲಿಯುವ ಪಾಠ. ರ‍್ಯಾಕಿನ ಊರುಗಾಲುಗಳನ್ನು ತಿರುಗಿಸಿ ನೆಲಕ್ಕೆ ತಾಗಿಸುವುದನ್ನೂ ಮರೆತಿದ್ದೆ. ಅದು ಇನ್ನೂ ಗಾಲಿಗಳ ಮೇಲೇ ನಿಂತಿತ್ತು.

ಇಡೀ ಕಪಾಟು ನಿಧಾನಕ್ಕೆ ನನ್ನ ಕಡೆಗೆ ವಾಲಿ ಬಂತು. ಓಡಲು ಸಮಯವಿತ್ತು, ಆದರೆ ನಾನು ಬಲಭುಜ ಕೊಟ್ಟು ನಿಂತೆ. ಮೇಲಿನ ಪೆಟ್ಟಿಗೆಯ ಅಂಚು ಕೊರಳ ಮೂಳೆಯ ಮೇಲೆ ಕೂತಿತು. ಕೂಗಲು ಉಸಿರು ಉಳಿದಿರಲಿಲ್ಲ. ಪೆಟ್ಟಿಗೆ ಒಳಗೆ ಹೋಗಬೇಕಾದರೆ ಎರಡೂ ಬದಿಯ ಚಿಲಕ ಒತ್ತಬೇಕು. ಎಡಗಡೆಯದನ್ನು ಒತ್ತಿದೆ, ಬಲಗಡೆಯದು ಬೆರಳಿಗೆ ಸಿಗಲಿಲ್ಲ. ಎಷ್ಟು ಹೊತ್ತು ತಡಕಿದೆನೋ ಗೊತ್ತಿಲ್ಲ. ಕೊನೆಗೆ ಸಿಕ್ಕಿತು. ಎದೆಯಿಂದ ನೂಕಿದೆ, ಪೆಟ್ಟಿಗೆ ಒಳಸರಿಯಿತು, ರ‍್ಯಾಕ್ ದಡ್ಡನೆ ಹಿಂದಕ್ಕೆ ಕೂತಿತು. ಒಂದು ಹಳಿ ಬಾಗಿತ್ತು. ನಾನು ನೆಲದ ಮೇಲೆ ಕೂತು ಬೆವರು ಒರೆಸಿಕೊಂಡೆ.

ಬಾಗಿದ ಹಳಿಗೆ ಕಾರಣ ಹೇಳಬೇಕಿತ್ತು. ಮಾಲೀಕರಿಗೆ ಫೋನ್ ಮಾಡಿ, ಬಾಗಲವಾಡದವನು ಊರುಗಾಲು ಇಳಿಸಿದ್ದೇನೆ ಎಂದು ಹೇಳಿ ಹೋದ, ಇಳಿಸಿರಲಿಲ್ಲ, ಅದನ್ನು ನಂಬಿ ನಾನು ಏರಿಸಿದೆ ಎಂದೆ. ಮಾತು ಎಲ್ಲೂ ತಡವರಿಸಲಿಲ್ಲ. ನನ್ನ ಆರು ವರ್ಷದ ಕೆಲಸವನ್ನು ಅವರು ಕಂಡಿದ್ದರು, ನಂಬಿದರು. ಮರುದಿನದಿಂದ ಅವನಿಗೆ ಹೊರಗಿನ ಕೆಲಸವಿಲ್ಲ, ಗೋದಾಮಿನಲ್ಲಿ ಕೇಬಲ್ ಸುತ್ತುವುದು. ಆತ ಒಂದು ಮಾತೂ ಎದುರಾಡಲಿಲ್ಲ. ಆ ಭಾನುವಾರ ಮನೆಗೂ ಬರಲಿಲ್ಲ. ಅಪ್ಪ ಚಾಪೆಯ ಮೇಲೆ ಹೊತ್ತು ಏರುವವರೆಗೆ ಕೂತಿದ್ದು, ಆಮೇಲೆ ತಾನೇ ಸುತ್ತಿಟ್ಟ. ನನಗೆ ಹಗುರವೆನಿಸಿತು. ಅದನ್ನು ಮುಚ್ಚಿಡುವುದರಲ್ಲಿ ಈಗ ಅರ್ಥವಿಲ್ಲ.

ಸೋಮವಾರ ಬೆಳಿಗ್ಗೆ ಬಟ್ಟೆ ಒಣಹಾಕುವಾಗ ನನ್ನ ಬಲಗೈ ಹಗ್ಗದವರೆಗೆ ಏಳಲಿಲ್ಲ. ಅಪ್ಪ ನೋಡಿದ. ಹತ್ತಿರ ಬಂದು ಕೊರಳ ಬಳಿಯ ಸೆರಗು ಸರಿಸಿದ. ಅಲ್ಲಿ ಅಡ್ಡಕ್ಕೆ ಒಂದು ಗೇಣು ಕಪ್ಪುಗಟ್ಟಿತ್ತು. ಜಾರಿ ಬಿದ್ದೆ ಎಂದೆ.

"ಇದು ಬಿದ್ದ ಪೆಟ್ಟಲ್ಲ," ಎಂದ. "ಬಿದ್ರ ಚರ್ಮ ಕೆತ್ತತದ. ಇದು ವಜನ್ ಕುಂತ ಗುರುತು. ಮಾಲು ಎದುರಿಂದ ನಿನ್ನ ಮ್ಯಾಲ ಬಂದದ, ನೀ ಒಬ್ಬಾಕಿನೇ ತಡದೀದಿ. ಅಂವ ಎಲ್ಲಿದ್ದ?"

ಪೋತ್ನಾಳಕ್ಕೆ ಕಳಿಸಿದ್ದೆ ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅಷ್ಟು ದಿನ ಒಳಗಿದ್ದದ್ದೆಲ್ಲ ಅಲ್ಲೇ, ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂತು. ಮಾಲೀಕರಿಗೆ ಹೇಳಿದ ಸುಳ್ಳನ್ನೂ ಹೇಳಿದೆ. ಕೊನೆಗೆ, ಅವನಿಗೆ ಎಲ್ಲಾ ಕಲಿಸಿದಿ, ನನಗ ಒಂದ್ ದಿನಾನೂ ಹೇಳಿಕೊಡಲಿಲ್ಲ ಎಂದು ಅತ್ತೆ.

ಅಪ್ಪ ಬುಟ್ಟಿಯಿಂದ ಬಟ್ಟೆ ತೆಗೆದು ಒಂದೊಂದಾಗಿ ತಾನೇ ಹಗ್ಗಕ್ಕೆ ಹಾಕಿದ.

"ನಿನಗ ಕಲಿಸಿದ್ರ ನೀ ಎತ್ತತೀದಿ ಅಂತ ಕಲಿಸಲಿಲ್ಲ," ಎಂದ. "ಆ ದಿನ ಗಾಡಿ ನೋಡಿದಾಗ ಗೊತ್ತಾತು, ನೀ ಆಗಲೇ ಎತ್ತಾಕತ್ತೀದಿ ಅಂತ. ನಿನಗ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಭಾರದ ಆ ಕಡಿ ಹಿಡಿಯಾಂವ ಅಂವ. ಅಂವ ತಪ್ಪಿದ್ರ ಬೀಳೋದು ನಿನ್ನ ಮ್ಯಾಲ. ಅದಕ್ಕ ಅವನಿಗೆ ಕಲಿಸಿದೆ. ಪಟ್ಟಿ ಕೊಟ್ಟಿದ್ದೂ ಅದಕ್ಕ."

ಇದನ್ನು ಕೇಳಿ ನನ್ನ ಹೊಟ್ಟೆಕಿಚ್ಚು ಕರಗಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳು. ನಾಚಿಕೆಯಾಯಿತು, ಅದು ನಿಜ. ಆದರೆ ಭಾನುವಾರಗಳ ಆ ನಗುವೆಲ್ಲ ಬರೀ ನನ್ನ ಸಲುವಾಗಿ ಇತ್ತೆಂದು ನನಗೆ ಅನಿಸಲಿಲ್ಲ. ಅಪ್ಪನಿಗೆ ಅವನು ಬೇಕಾಗಿದ್ದ, ಅಷ್ಟೆ. ತನ್ನ ಮೂವತ್ತು ವರ್ಷವನ್ನು ಕೇಳುವವನೊಬ್ಬ ಬೇಕಾಗಿದ್ದ. ನಾನು ಎಂದೂ ಕೇಳಿರಲಿಲ್ಲ.

ಅಂದೇ ಮಾಲೀಕರ ಮುಂದೆ ಹೋಗಿ ಇದ್ದದ್ದನ್ನು ಹೇಳಿದೆ. ಅವರು ನನ್ನನ್ನು ಕೂರಿಸದೆ ಪೂರ್ತಿ ಕೇಳಿದರು. ಇನ್ನು ಮೂರು ತಿಂಗಳು ಯಾವ ಕೆಲಸಕ್ಕೂ ನೀನು ಮುಖ್ಯಸ್ಥೆಯಲ್ಲ ಎಂದರು. ಗೋದಾಮಿಗೆ ಹೋದೆ. ಬಾಗಲವಾಡದವನು ಕೇಬಲ್ ಸುರುಳಿಗಳ ನಡುವೆ ಕೂತಿದ್ದ. ತಪ್ಪು ನನ್ನದು, ನಿನ್ನ ಹೆಸರು ಹೇಳಿದೆ ಎಂದೆ. ಆತ ಕೈಯಲ್ಲಿದ್ದ ಸುರುಳಿ ಪೂರ್ತಿ ಸುತ್ತಿ ಕೆಳಗಿಟ್ಟ.

"ನೀವು ಹೇಳಿದ್ರ ಖರೇನೇ ಇರಬೇಕು ಅಂತ ತಿಳಕೊಂಡಿದ್ದೆ," ಎಂದ. "ಕಾಲು ಇಳಿಸ್ತೀನಿ ಅಂದಿದ್ನೇನೋ, ಮರತೆನೇನೋ ಅಂತ ನಾಕು ದಿನ ನೆನಪ ಮಾಡಿಕೊಂಡೆ."

ಸಿಟ್ಟು ಮಾಡಿದ್ದರೆ ಸಹಿಸಬಹುದಿತ್ತು. ಈ ಮಾತು ಈಗಲೂ ಒಮ್ಮೊಮ್ಮೆ ಸ್ಕ್ರೂ ಬಿಗಿಯುತ್ತಿರುವಾಗ ನೆನಪಾಗುತ್ತದೆ. ಮಾನ್ವಿಗೆ ಮತ್ತೆ ಇಬ್ಬರೂ ಹೋದೆವು. ಮೊದಲು ಬೋಲ್ಟ್ ಹಾಕಿ, ಯುಪಿಎಸ್ ಅನ್ನು ತಳಕ್ಕೆ ಕೂರಿಸಿ, ಕೆಳಗಿನಿಂದ ಮೇಲಕ್ಕೆ ಎಲ್ಲವನ್ನೂ ಹೊಸದಾಗಿ ಮಾಡಿದೆವು. ಕೆಲಸ ಚೆನ್ನಾಗಿ ಬಂತು. ಆದರೆ ಅಂದಿನಿಂದ ಆತ ನನ್ನನ್ನು ಅಕ್ಕಾ ಎನ್ನಲಿಲ್ಲ, ಮೇಡಂ ಎಂದ. ಮನೆಗೆ ಬರುತ್ತಿದ್ದ, ಅಪ್ಪನ ಜೊತೆ ಮೊದಲಿನಂತೆ ಕೂರುತ್ತಿದ್ದ. ನಾನು ಚಹಾ ಕೊಟ್ಟರೆ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದ.

ಅಪ್ಪನನ್ನು ನನಗೂ ಕಲಿಸು ಎಂದು ಕೇಳಿದೆ. ಕಲಿಸಿದ. ಆದರೆ ನಾನು ಪೆಟ್ಟಿಗೆ ಎತ್ತಿದಾಗ ಅವನ ಮುಖ ಬಿಗಿಯುತ್ತಿತ್ತು, ಸಾಕು ಇಡು ಎಂಬ ಮಾತು ಬೇಗ ಬರುತ್ತಿತ್ತು. ಬಾಗಲವಾಡದವನಿಗೆ ಕಲಿಸುವಾಗ ಇದ್ದ ಉಮೇದು ನನ್ನ ಪಾಲಿಗೆ ಬರಲೇ ಇಲ್ಲ.

ಕಳೆದ ವರ್ಷ ಬಾಗಲವಾಡದವನಿಗೆ ಶಕ್ತಿನಗರದಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಹತ್ತಿರದ ದೇವಸುಗೂರಿನಲ್ಲಿ ಮನೆ ಮಾಡಿದ್ದಾನೆ. ಅಪ್ಪ ತಿಂಗಳಿಗೊಮ್ಮೆ ಆ ಕಾಲು ಎಳೆದುಕೊಂಡು ಬಸ್ ಹತ್ತಿ ಹೋಗುತ್ತಾನೆ. ಹೋದ ವಾರವೂ ಹೋಗಿದ್ದ. ಸಂಜೆ ಬಂದು ಚಪ್ಪಲಿ ಬಿಡುತ್ತಲೇ ಅವನ ಹೊಸ ಕೆಲಸ, ಮನೆ, ಹೊಳೆಯ ನೀರು ಎಂದು ಅವ್ವನಿಗೆ ಹೇಳತೊಡಗಿದ. ಎದೆಯಲ್ಲಿ ಅದೇ ಹಳೆಯ ಮುಳ್ಳು ಆಡಿತು. ನಾನು ನೀರು ತಂದುಕೊಟ್ಟು, ನನ್ನ ಕೇಳಿದ್ನಾ ಎಂದೆ.

ಅಪ್ಪ ಚೊಂಬು ಎತ್ತಿ ನೀರು ಕುಡಿದ. ಕೇಳಿದ ಎಂದ. ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ನಾನು ಮತ್ತೆ ವಿಚಾರಿಸಲಿಲ್ಲ.